ದೀಪ್ತಾಣುವಿನ ಸ್ಥೈರ್ಯವಿಚಾರ

೧

ಬೆಳಕನ್ನು ಸೂಸುವ ಇಂಗಾಲದ ಅಣುಗಳನ್ನು ಕುರಿತ ಈಚಿನ ಪ್ರಬಂಧಗಳಲ್ಲಿ ‘ಸ್ಥಿರವಾದ ಅಣು’ ಎಂಬ ಮಾತು ಪದೇ ಪದೇ ಕಾಣಿಸಿಕೊಳ್ಳುವುದು. ಆ ಪ್ರಬಂಧಗಳ ಸಾರವನ್ನು ಕನ್ನಡದಲ್ಲಿ ಹೇಳಹೊರಡುವವರೂ ಅದನ್ನು ಹಾಗೆಯೇ ಎತ್ತಿಕೊಳ್ಳುವರು. ಕೇಳುವುದಕ್ಕೆ ಇದು ನಿರ್ದೋಷವಾದ ವಿಶೇಷಣ. ‘ಕೆಂಪಾದ ಹೂವು’ ಎಂದಾಗ ಕೆಂಪು ಹೂವಿನಲ್ಲಿರುವಂತೆ, ‘ಸ್ಥಿರವಾದ ಅಣು’ ಎಂದಾಗ ಸ್ಥೈರ್ಯವು ಅಣುವಿನಲ್ಲಿಯೇ ಇರುವುದೆಂದು ಓದುವವನು ತಿಳಿಯುವನು. ಆದರೆ ಈ ಶಾಸ್ತ್ರದಲ್ಲಿ ಕಳೆದ ನಾಲ್ಕು ದಶಕಗಳಿಂದ ನಡೆದಿರುವ ಕೆಲಸವನ್ನು ಕ್ರಮವಾಗಿ ನೋಡಿದರೆ, ಆ ಗುಣಕ್ಕೆ ಆಶ್ರಯವು ಒಂಟಿಯಾದ ಅಣುವಲ್ಲ, ಅಣುವಿಗೂ ಅದರ ನೆರೆಯವಕ್ಕೂ ಇರುವ ಸಂಬಂಧ ಎಂದು ತೋರಿಬರುವುದು.

ವಿಶೇಷಣದ ಆಶ್ರಯವನ್ನು ತಪ್ಪಾಗಿ ಹೇಳಿದರೆ ಬರುವ ದೋಷ ಬರಿಯ ಮಾತಿನದಲ್ಲ. ನೀರಿನಲ್ಲಿ ಕರಗಿಸಿ ಪರೀಕ್ಷಿಸಿದ ಬಣ್ಣವೊಂದರ ಬಾಳಿಕೆಯನ್ನು ದೀಪದ ಬಾಳಿಕೆಯೆಂದು ಭ್ರಮಿಸುವುದಕ್ಕೂ, ಆ ಭ್ರಮೆಯನ್ನು ಪಠ್ಯಪುಸ್ತಕದಲ್ಲಿ ಬರೆದು ಬೋಧಿಸುವುದಕ್ಕೂ ಅದು ದಾರಿಮಾಡುವುದು. ಪದಗಳ ಸಾಧುತ್ವವನ್ನೂ ಅವುಗಳ ಅರ್ಥದ ಮೇರೆಯನ್ನೂ ನಿರ್ಣಯಿಸುವುದು ವಿದ್ವಾಂಸರ ಮತ್ತು ಭಾಷಾಧ್ಯಾಪಕರ ಕೆಲಸವಾದುದರಿಂದ, ಈ ಮಾತು ರಸಾಯನಶಾಸ್ತ್ರಕ್ಕೆ ಸೇರಿದುದಾದರೂ ಇದರ ವಿಮರ್ಶೆ ಅವರಿಗೆ ಹೊರಗಿನದಲ್ಲ. ಬೆಳಕು ಸೂಸುವ ಅಣುವನ್ನು ಇಲ್ಲಿ ಸಂಕ್ಷೇಪಕ್ಕಾಗಿ ‘ದೀಪ್ತಾಣು’ ಎಂದು ಕರೆದಿದೆ.

೨

ದೀಪ್ತಾಣುಗಳ ಚರಿತ್ರೆಯಲ್ಲಿ ೧೯೮೭ನೆಯ ಇಸವಿ ಗಣ್ಯವಾದುದು. ಆ ವರ್ಷ ಅಮೆರಿಕೆಯ ರಾಚೆಸ್ಟರಿನಲ್ಲಿ ಈಸ್ಟ್‌ಮನ್ ಕೊಡಕ್ ಸಂಸ್ಥೆಯಲ್ಲಿದ್ದ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬವರು ಎರಡು ತೆಳುಪದರಗಳ ದೀಪವೊಂದನ್ನು ಲೋಕಕ್ಕೆ ತಿಳಿಸಿದರು. ಒಂದು ಪದರ ಡೈಅಮೀನ್ ಜಾತಿಯದು. ಮತ್ತೊಂದು, ಅಲ್ಯೂಮಿನಿಯಮ್ಮಿನ ಒಂದು ಪರಮಾಣುವನ್ನು ಹೈಡ್ರಾಕ್ಸಿಕ್ವಿನೊಲೀನಿನ ಮೂರು ತುಣುಕುಗಳು ಹಿಡಿದುಕೊಂಡಿರುವ ಸಂಯುಕ್ತದ್ದು. ಎರಡೂ ಸೇರಿದರೆ ಒಂದು ಮಿಲಿಮೀಟರಿನ ಹತ್ತುಸಾವಿರ ಪಾಲುಗಳಲ್ಲಿ ಒಂದೂವರೆ ಪಾಲಿಗಿಂತಲೂ ಕಡಿಮೆ ದಪ್ಪ. ೧೦ ವೋಲ್ಟಿಗೂ ಕಡಿಮೆಯಾದ ವಿದ್ಯುತ್ತಿಗೆ ಅದು ಹಸಿರು ಬೆಳಕನ್ನು ಕೊಟ್ಟಿತು. ೧೯೯೦ರಲ್ಲಿ ಕೇಂಬ್ರಿಜ್ಜಿನ ಬರೋಸ್, ಬ್ರಾಡ್ಲಿ, ಫ್ರೆಂಡ್ ಮೊದಲಾದವರು ಉದ್ದವಾದ ಸರಪಳಿಯಂತಿರುವ ಪಾಲಿಮರಿನಿಂದಲೂ ಇಂಥ ದೀಪವಾಗುವುದೆಂದು ತೋರಿಸಿದರು. ಇಂದು ಅಂಗೈಯಲ್ಲಿ ಹಿಡಿಯುವ ದೂರವಾಣಿಯ ತೆರೆಗಳಲ್ಲಿ ಎಷ್ಟೋ ಪಾಲು ಈ ವಂಶಕ್ಕೆ ಸೇರಿದವು.

ಇಂಥ ದೀಪವು ಬೆಳಗುವ ಬಗೆ ಹೀಗೆ. ಒಂದು ಕಡೆಯಿಂದ ಎಲೆಕ್ಟ್ರಾನುಗಳೂ, ಮತ್ತೊಂದು ಕಡೆಯಿಂದ ಎಲೆಕ್ಟ್ರಾನು ತೊಲಗಿ ಉಳಿದ ತೆರಪುಗಳೂ ಪದರದೊಳಕ್ಕೆ ಬರುವುವು. ಎರಡೂ ಒಂದೇ ಅಣುವಿನಲ್ಲಿ ಸಂಧಿಸಿದಾಗ ಆ ಅಣು ಉದ್ದೀಪ್ತವಾಗುವುದು. ಮರಳಿ ಶಾಂತಸ್ಥಿತಿಗೆ ಇಳಿಯುವಾಗ ಬೆಳಕನ್ನು ಬಿಡುವುದು. ಉದ್ದೀಪ್ತಸ್ಥಿತಿಗಳು ಎರಡು ಬಗೆ. ಸಿಂಗ್ಲೆಟ್ ಎಂಬುದು ನೂರಕ್ಕೆ ೨೫ರ ಪ್ರಮಾಣದಲ್ಲಿ ಹುಟ್ಟಿ ಸೆಕೆಂಡಿನ ನೂರುಕೋಟಿ ಪಾಲುಗಳಲ್ಲಿ ಕೆಲವೇ ಪಾಲಿನ ಕಾಲದಲ್ಲಿ ಬೆಳಕಾಗಿ ಹೋಗುವುದು. ಇದನ್ನೇ ಪ್ರತಿದೀಪ್ತಿ ಎನ್ನುವರು. ಟ್ರಿಪ್ಲೆಟ್ ಎಂಬುದು ನೂರಕ್ಕೆ ೭೫ರಷ್ಟು ಹುಟ್ಟಿದರೂ ಸಾಮಾನ್ಯವಾಗಿ ಬೆಳಕಿಲ್ಲದೆ ಶಾಖವಾಗಿ ಕಳೆದುಹೋಗುವುದು. ಅದು ಬೆಳಕಾಗಿ ಬಂದರೆ ತಡವಾಗಿ ಬರುವುದು; ಅದು ಸ್ಫುರದೀಪ್ತಿ.

ದೀಪ್ತಾಣುವಿಗೆ ಹಾನಿ ಬರುವುದು ಮುಖ್ಯವಾಗಿ ಮೂರು ದಾರಿಗಳಲ್ಲಿ. ಮೊದಲನೆಯದು ಹೊರಗಿನಿಂದ: ಗಾಳಿಯ ಆಮ್ಲಜನಕವೂ ತೇವವೂ ಉದ್ದೀಪ್ತವಾದ ಅಣುವಿನೊಡನೆ ಕೂಡಿ ಅದನ್ನು ಕೆಡಿಸುವುವು. ಎರಡನೆಯದು ಸಜಾತೀಯರಿಂದ: ಚಪ್ಪಟೆಯಾದ ಅಣುಗಳು ಒಂದರ ಮೇಲೊಂದು ಒತ್ತಾಗಿ ಕೂತರೆ ಬೆಳಕು ಮಂದವಾಗುವುದು, ಬಣ್ಣವೂ ಬದಲಾಗುವುದು. ೧೯೫೪ರಲ್ಲಿ ಫರ್ಸ್ಟರ್ ಮತ್ತು ಕಾಸ್ಪರ್ ಎಂಬವರು ಪೈರೀನಿನ ದ್ರಾವಣವನ್ನು ಸಾಂದ್ರಗೊಳಿಸುತ್ತ ಹೋದಾಗ ಅದರ ದೀಪ್ತಿ ಮಾರ್ಪಡುವುದನ್ನು ಕಂಡು ವಿವರಿಸಿದ್ದರು. ಮೂರನೆಯದು ಒಳಗಿನಿಂದ: ಅಣು ತಾನು ಹೊತ್ತ ಚೈತನ್ಯದಿಂದಲೇ ಒಡೆಯುವುದು. ಇವುಗಳಲ್ಲಿ ಎರಡನೆಯದು ಬೆಳಕಿನ ಹಾನಿ, ಉಳಿದೆರಡು ಅಣುವಿನದೇ ಹಾನಿ. ಈ ಭೇದವನ್ನು ಮುಂದೆ ನೆನಪಿನಲ್ಲಿಡಬೇಕಾಗುವುದು.

೩

ಈ ಹಾನಿಗಳಿಗೆ ಮೊದಲು ಹುಡುಕಿದ ಪರಿಹಾರಗಳೆಲ್ಲ ಅಣುವನ್ನೇ ತಿದ್ದುವ ಪರಿಹಾರಗಳು. ಚಪ್ಪಟೆಯಾದ ಅಣುವಿಗೆ ಉಬ್ಬಾದ ಕೊಂಬೆಗಳನ್ನು ಸೇರಿಸಿ ಸಜಾತೀಯಗಳನ್ನು ದೂರವಿಡುವುದು. ದುರ್ಬಲವಾದ ಬಂಧವಿದ್ದೆಡೆ ಬಲವಾದುದನ್ನು ಕೂಡಿಸುವುದು. ಹೈಡ್ರೊಜನ್ನಿನ ಸ್ಥಾನದಲ್ಲಿ ಅದರ ಭಾರವಾದ ರೂಪವಾದ ಡ್ಯುಟೀರಿಯಮ್ಮನ್ನು ಇಡುವುದು. ಇವೆಲ್ಲ ಈ ವರ್ಗದವು. ನಷ್ಟವಾಗುತ್ತಿದ್ದ ಟ್ರಿಪ್ಲೆಟ್ಟುಗಳನ್ನು ಬೆಳಕಾಗಿಸುವ ಉಪಾಯಗಳೂ ಅಣುವನ್ನೇ ತಿದ್ದಿ ಪಡೆದವು. ೧೯೯೮ರಲ್ಲಿ ಬಾಲ್ಡೊ, ಥಾಂಪ್ಸನ್, ಫಾರೆಸ್ಟ್ ಮುಂತಾದವರು ಪ್ಲಾಟಿನಮ್ಮಿನ ಸಂಯುಕ್ತದಿಂದಲೂ, ಮರುವರ್ಷ ಇರಿಡಿಯಮ್ಮಿನದರಿಂದಲೂ ಸ್ಫುರದೀಪ್ತಿಯ ದೀಪಗಳನ್ನು ಮಾಡಿದರು. ೨೦೧೨ರಲ್ಲಿ ಜಪಾನಿನ ಕ್ಯೂಷು ವಿಶ್ವವಿದ್ಯಾನಿಲಯದ ಅದಾಚಿ ಮತ್ತು ಅವರ ಸಂಗಡಿಗರು ಭಾರವಾದ ಲೋಹವಿಲ್ಲದೆಯೇ ಟ್ರಿಪ್ಲೆಟ್ಟನ್ನು ಶಾಖದ ನೆರವಿನಿಂದ ಸಿಂಗ್ಲೆಟ್ಟಿಗೆ ಏರಿಸಿ ಬೆಳಗಿಸಿದರು.

ಇವು ದೊಡ್ಡ ಸಿದ್ಧಿಗಳೆಂಬುದರಲ್ಲಿ ಸಂದೇಹವಿಲ್ಲ. ಹಸಿರು, ಕೆಂಪುಗಳಲ್ಲಿ ಇವುಗಳ ಫಲ ಸಮೃದ್ಧವಾಗಿ ದೊರೆತಿದೆ. ನೀಲಿಯಲ್ಲಿ ಮಾತ್ರ ತೊಡಕು ಉಳಿದಿದೆ. ನೀಲಿ ದೀಪ್ತಾಣುಗಳ ಆಯುಸ್ಸು ಉಳಿದೆರಡಕ್ಕಿಂತ ಕಡಿಮೆ. ಕಾರಣವನ್ನು ಲೆಕ್ಕದಿಂದಲೇ ಊಹಿಸಬಹುದು. ಕೆಂಪು ಬೆಳಕಿನ ಒಂದು ಕಣಕ್ಕೆ ಸುಮಾರು ೨ ಎಲೆಕ್ಟ್ರಾನ್‌ವೋಲ್ಟು ಚೈತನ್ಯವಾದರೆ ನೀಲಿಯ ಕಣಕ್ಕೆ ಸುಮಾರು ೨.೭ ಬೇಕು. ಇಂಗಾಲ ಮತ್ತು ಸಾರಜನಕಗಳ ನಡುವಣ ಸಾಧಾರಣವಾದ ಬಂಧವನ್ನು ಮುರಿಯುವುದಕ್ಕೆ ೩ರ ಆಸುಪಾಸಿನಷ್ಟು ಸಾಕು. ಒಂದು ಉದ್ದೀಪ್ತಸ್ಥಿತಿಯಿಂದ ಆಗದ ಮುರಿತವು ಎರಡು ಉದ್ದೀಪ್ತಸ್ಥಿತಿಗಳು ಸಂಧಿಸಿ ಒಂದರ ಚೈತನ್ಯ ಮತ್ತೊಂದಕ್ಕೆ ಸೇರಿದಾಗ ಆಗಬಹುದು. ಸ್ಫುರದೀಪ್ತಿಯ ದೀಪಗಳು ಮಂದವಾಗುವುದಕ್ಕೆ ಇಂಥ ಸಂಧಾನಗಳು, ಅದರಲ್ಲಿಯೂ ಉದ್ದೀಪ್ತಸ್ಥಿತಿಯು ವಿದ್ಯುದಂಶ ಹೊತ್ತ ಅಣುವನ್ನು ಸಂಧಿಸುವುದು, ಮುಖ್ಯ ಕಾರಣವೆಂದು ೨೦೦೮ರಲ್ಲಿ ಫಾರೆಸ್ಟ್ ಮತ್ತು ಅವರ ಸಹೋದ್ಯೋಗಿಗಳು ತರ್ಕಿಸಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಒಳಗಿನ ಹಾನಿಯೆಂದು ಮೇಲೆ ಹೇಳಿದುದು ಕೂಡ ಕೇವಲ ಒಳಗಿನದಲ್ಲವೆಂದಾಯಿತು. ಉದ್ದೀಪ್ತವಾದ ಎರಡು ಅಣುಗಳು ಒಂದನ್ನೊಂದು ಮುಟ್ಟುವಷ್ಟು ಬಳಿಯಿದ್ದುದರಿಂದ ಅಥವಾ ಚೈತನ್ಯವು ಒಂದರಿಂದ ಒಂದಕ್ಕೆ ಹರಿದು ಬಂದುದರಿಂದ ಆ ನಾಶ ಒದಗಿತು. ಅದೇ ಅಣು ಬೇರೆ ಸನ್ನಿವೇಶದಲ್ಲಿದ್ದಿದ್ದರೆ ಉಳಿಯುತ್ತಿತ್ತು. ಅಣುವೊಂದನ್ನೇ ನೆಚ್ಚಿದ ಪಕ್ಷವು ತನ್ನ ಅತ್ಯಂತ ಕಠಿನವಾದ ಸಮಸ್ಯೆಯಲ್ಲಿ ನೆರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಯಿತು.

೪

ನೆರೆಯನ್ನೇ ಮುಖ್ಯವಿಷಯವನ್ನಾಗಿ ಮಾಡಿಕೊಂಡ ಶಾಸ್ತ್ರವೊಂದು ಅಷ್ಟರಲ್ಲಿ ಬೇರೆಡೆಯಲ್ಲಿ ಬೆಳೆದಿತ್ತು. ೧೮೯೪ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಕಿಣ್ವಕ್ಕೂ ಅದರ ವಿಷಯವಾದ ಸಕ್ಕರೆಗೂ ಇರುವ ಸಂಬಂಧವನ್ನು ಬೀಗ ಮತ್ತು ಬೀಗದಕೈಗಳ ಉಪಮೆಯಿಂದ ವರ್ಣಿಸಿದ್ದನು. ೧೯೬೭ರಲ್ಲಿ ಪೆಡರ್ಸನ್ ಕಿರೀಟದಾಕಾರದ ಈಥರುಗಳು ಲೋಹದ ಅಯಾನುಗಳನ್ನು ನಡುವೆ ಕೂರಿಸಿಕೊಳ್ಳುವುವೆಂದು ಪ್ರಕಟಿಸಿದನು. ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನ ಲೆನ್, ಅಮೆರಿಕೆಯ ಕ್ರಾಮ್ ಅದನ್ನು ಮುಂದುವರಿಸಿದರು. ಲೆನ್ ೧೯೭೮ರಲ್ಲಿ ಈ ವಿದ್ಯೆಗೆ ‘ಸುಪ್ರಾಮಾಲಿಕ್ಯುಲರ್’ ರಸಾಯನವೆಂದು ಹೆಸರಿಟ್ಟನು. ಅಣುವಿನಿಂದ ಆಚೆಗಿನ ರಸಾಯನ ಎಂಬುದು ಅದರ ತಾತ್ಪರ್ಯ. ಈ ಮೂವರಿಗೆ ನೊಬೆಲ್ ಬಹುಮಾನ ಬಂದುದು ೧೯೮೭ರಲ್ಲಿ. ರಾಚೆಸ್ಟರಿನ ದೀಪ ಹೊತ್ತಿದ ವರ್ಷವೂ ಅದೇ. ಆದರೆ ಎರಡು ವಿದ್ಯೆಗಳೂ ಕೂಡಿ ನಡೆಯುವುದಕ್ಕೆ ಮತ್ತೆ ಹಲವು ವರ್ಷಗಳು ಬೇಕಾದುವು.

ಅಣುವಿನೊಳಗೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೂಡಿರುವುವು. ಇಂಗಾಲದ ಎರಡು ಪರಮಾಣುಗಳ ಸಾಧಾರಣಬಂಧಕ್ಕೆ ಒಂದು ಮೋಲಿಗೆ ಸುಮಾರು ೩೫೦ ಕಿಲೋಜೂಲು ಬಲ. ಅಣು ಅಣುಗಳ ನಡುವೆ ಇರುವ ಹೈಡ್ರೊಜನ್ ಬಂಧ ಮೊದಲಾದುವು ಬಹುಮಟ್ಟಿಗೆ ೪ರಿಂದ ೪೦ ಕಿಲೋಜೂಲುಗಳಷ್ಟರವು. ವ್ಯಾಕರಣವನ್ನು ಬಲ್ಲವರಿಗೆ ಈ ಭೇದ ಅಪರಿಚಿತವಲ್ಲ. ಪದಗಳ ಸಾಮರ್ಥ್ಯವನ್ನು ವಿಚಾರಿಸುವಾಗ ಮಹಾಭಾಷ್ಯಕಾರನು ಏಕಾರ್ಥೀಭಾವ, ವ್ಯಪೇಕ್ಷೆ ಎಂಬ ಎರಡು ಬಗೆಗಳನ್ನು ಚರ್ಚಿಸಿರುವನು. ಸಮಾಸದಲ್ಲಿ ಪದಗಳು ತಮ್ಮ ಬೇರೆತನವನ್ನು ಬಿಟ್ಟು ಒಂದೇ ಅರ್ಥವಾಗುವುವು. ವಾಕ್ಯದಲ್ಲಿ ಪ್ರತಿಯೊಂದು ಪದವೂ ತಾನಾಗಿದ್ದುಕೊಂಡೇ ಮತ್ತೊಂದನ್ನು ಅಪೇಕ್ಷಿಸುವುದು. ಪರಮಾಣುಗಳ ಬಂಧ ಮೊದಲನೆಯದರಂತೆ. ಅಣುಗಳ ಸಂಹತಿ ಎರಡನೆಯದರಂತೆ.

ವಾಕ್ಯಾರ್ಥಜ್ಞಾನಕ್ಕೆ ಶಾಸ್ತ್ರಕಾರರು ಹೇಳುವ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರೂ ಇಲ್ಲಿ ವಿಚಾರಸಾಧನಗಳಾಗಿ ಒದಗುವುವು. ಒಂದು ಅಣುವಿನ ಪೊಳ್ಳು ಅಥವಾ ವಿದ್ಯುದಂಶವು ಇನ್ನೊಂದನ್ನು ಬೇಡುವುದು ಆಕಾಂಕ್ಷೆ. ಅಳತೆಯೂ ಚೈತನ್ಯದ ಮಟ್ಟಗಳೂ ಹೊಂದುವುದು ಯೋಗ್ಯತೆ. ತಕ್ಕಷ್ಟು ಬಳಿಯಲ್ಲಿರುವುದು ಸನ್ನಿಧಿ. ಬೆಂಕಿಯಿಂದ ತೋಟವನ್ನು ನೆನೆಸಿದನೆಂದರೆ ಪದಗಳೆಲ್ಲ ಸರಿಯಾಗಿದ್ದರೂ ವಾಕ್ಯ ನಿಲ್ಲದಂತೆ, ಪೊಳ್ಳೂ ಅತಿಥಿಯೂ ಕೂಡಿ ಬಂದರೂ ಚೈತನ್ಯದ ಮಟ್ಟ ಹೊಂದದಿದ್ದರೆ ಬೆಳಕು ಬಾರದು. ಇದು ವಿಷಯವನ್ನು ಬೋಧಿಸುವುದಕ್ಕೆ ಅನುಕೂಲವಾದ ಸಾದೃಶ್ಯ ಮಾತ್ರ. ವೈಯಾಕರಣರೂ ಮೀಮಾಂಸಕರೂ ಈ ರಸಾಯನವನ್ನು ಮೊದಲೇ ಕಂಡಿದ್ದರೆಂದು ಇದರಿಂದ ಸಾಧಿಸಹೊರಡುವುದು ಅವರಿಗೂ ಅನ್ಯಾಯ, ರಸಾಯನಶಾಸ್ತ್ರಜ್ಞರಿಗೂ ಅನ್ಯಾಯ.

೫

ಇನ್ನು ಈ ಮಾರ್ಗದ ಕೃತಿಗಳನ್ನೇ ನೋಡಬಹುದು. ಅತಿಥಿಗೆ ಮನೆಯಾಗುವ ಪಾತ್ರೆಗಳಲ್ಲಿ ಹಳೆಯದು ಸೈಕ್ಲೊಡೆಕ್ಸ್‌ಟ್ರಿನ್. ೧೮೯೧ರಲ್ಲಿ ವಿಲ್ಯೇರ್ ಎಂಬವನು ಪಿಷ್ಟದಿಂದ ಪಡೆದ ಈ ಪದಾರ್ಥದಲ್ಲಿ ೬, ೭ ಅಥವಾ ೮ ಗ್ಲೂಕೋಸ್ ತುಣುಕುಗಳು ಬಳೆಯಾಗಿ ಸೇರಿರುವುವು. ಹೊರಮೈ ನೀರಿಗೆ ಒಗ್ಗುವುದು. ಒಳಗಿನ ಪೊಳ್ಳು ನೀರನ್ನು ಅಷ್ಟಾಗಿ ಒಲ್ಲದು. ಆಕ್ಸ್‌ಫರ್ಡಿನ ಹ್ಯಾರಿ ಆಂಡರ್ಸನ್, ಕೇಂಬ್ರಿಜ್ಜಿನ ಕಾಚಲ್ಲಿ ಮೊದಲಾದವರು ೨೦೦೨ರಲ್ಲಿ ಬೆಳಕು ಸೂಸುವ ಪಾಲಿಮರಿನ ಎಳೆಗೆ ಈ ಬಳೆಗಳನ್ನು ಮಣಿಗಳಂತೆ ಪೋಣಿಸಿದರು. ಎಳೆಗಳು ಒಂದಕ್ಕೊಂದು ತಗುಲುವುದು ಕಡಿಮೆಯಾಯಿತು, ದೀಪ್ತಿಯ ಪ್ರಮಾಣ ಹೆಚ್ಚಿತು. ಎಳೆಯ ಅರೆವಾಹಕಗುಣವೂ ಉಳಿಯಿತು. ಅವರು ಅದರಿಂದ ನೀಲಿ ಮತ್ತು ಹಸಿರು ದೀಪಗಳನ್ನೂ ಮಾಡಿದರು. ದೀಪದಲ್ಲಿಯೇ ಪರೀಕ್ಷೆ ನಡೆಸಿದ್ದು ಈ ಕೃತಿಯ ಹೆಚ್ಚಳ.

ಎರಡನೆಯ ಪಾತ್ರೆ ಕುಕರ್‌ಬಿಟುರಿಲ್. ೧೯೦೫ರಲ್ಲಿ ಬೇರೆಂಡ್ ಎಂಬವನು ಇದನ್ನು ತಯಾರಿಸಿದರೂ ಇದರ ರೂಪ ತಿಳಿದುದು ೧೯೮೧ರಲ್ಲಿ. ನೋಡುವುದಕ್ಕೆ ಕುಂಬಳಕಾಯಿಯಂತಿರುವುದರಿಂದ ಆ ಬಳ್ಳಿಯ ಲ್ಯಾಟಿನ್ ಹೆಸರನ್ನೇ ಇದಕ್ಕೆ ಇಟ್ಟರು. ೨೦೦೫ರಲ್ಲಿ ಮೊಹಂತಿ ಮತ್ತು ನೌ ಎಂಬವರು ರೋಡಮೀನ್ ೬ಜಿ ಎಂಬ ಬಣ್ಣವನ್ನು ಏಳು ತೊಳೆಗಳ ಕುಕರ್‌ಬಿಟುರಿಲ್ಲಿನೊಡನೆ ನೀರಿನಲ್ಲಿ ಬೆರಸಿದಾಗ ಬೆಳಕಿಗೆ ಅದು ಕೆಡುವುದು ಬಹಳ ಕಡಿಮೆಯಾಯಿತೆಂದು ಕಂಡರು. ಬಣ್ಣದ ಅಣುವಿನಲ್ಲಿ ಒಂದು ಬಂಧವೂ ಬದಲಾಗಲಿಲ್ಲ; ಬದಲಾದುದು ಅದರ ಮನೆ. ಸ್ಥೈರ್ಯವು ಅಣುವಿನದೇ ಗುಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಅದೇ ವರ್ಷ ಅಮೆರಿಕೆಯ ನೋತ್ರ್ ದಾಮ್ ವಿಶ್ವವಿದ್ಯಾನಿಲಯದ ಬ್ರಾಡ್ಲಿ ಸ್ಮಿತ್ ಮತ್ತು ಅವರ ಸಂಗಡಿಗರು ಸ್ಕ್ವರೇನ್ ಎಂಬ ಬಣ್ಣವನ್ನು ರೊಟಾಕ್ಸೇನ್ ರೂಪದಲ್ಲಿ ಕಟ್ಟಿದರು. ಸ್ಕ್ವರೇನಿನ ನಡುವಿನ ನಾಲ್ಕು ಮೂಲೆಯ ಉಂಗುರವು ಇತರ ಅಣುಗಳ ಆಕ್ರಮಣಕ್ಕೆ ಸುಲಭವಾಗಿ ಈಡಾಗುವುದು. ಅದರ ಸುತ್ತ ಒಂದು ಬಳೆಯನ್ನು ತೊಡಿಸಿ, ಬಳೆ ಜಾರಿ ಹೋಗದಂತೆ ಎರಡು ತುದಿಗಳಲ್ಲಿ ದಪ್ಪನೆಯ ಗುಂಡುಗಳನ್ನು ಇಟ್ಟರೆ ಆ ಉಂಗುರಕ್ಕೆ ರಕ್ಷಣೆ ದೊರೆಯುವುದು. ಇಲ್ಲಿ ಬಳೆಗೂ ಅಚ್ಚಿಗೂ ಎಲೆಕ್ಟ್ರಾನು ಹಂಚಿಕೆಯ ಬಂಧವಿಲ್ಲ. ಆದರೂ ಒಂದನ್ನು ಮುರಿಯದೆ ಇನ್ನೊಂದನ್ನು ಬೇರ್ಪಡಿಸುವಂತಿಲ್ಲ. ಇದು ವಾಕ್ಯವೂ ಅಲ್ಲ, ಸಾಧಾರಣಸಮಾಸವೂ ಅಲ್ಲ. ಸರಸಿಜ, ಯುಧಿಷ್ಠಿರ ಎಂಬಲ್ಲಿ ಪೂರ್ವಪದವು ತನ್ನ ವಿಭಕ್ತಿಯನ್ನು ಬಿಡದೆಯೇ ಸಮಾಸವಾಗಿರುವಂತೆ ಇದೊಂದು ಅಲುಕ್ ಸಮಾಸವೆನ್ನಬಹುದು.

೨೦೨೦ರಲ್ಲಿ ಅಮೆರಿಕೆಯ ಇಂಡಿಯಾನಾ ವಿಶ್ವವಿದ್ಯಾನಿಲಯದ ಅಮರ್ ಫ್ಲಡ್, ಕೋಪನ್‌ಹೇಗನ್ನಿನ ಬೋ ಲಾರ್ಸೆನ್ ಮುಂತಾದವರು ಪ್ರಕಟಿಸಿದ ಕೃತಿಯ ಯುಕ್ತಿ ಬೇರೆ. ಅವರು ಬಣ್ಣವನ್ನು ಮುಚ್ಚಲಿಲ್ಲ. ಧನ ವಿದ್ಯುದಂಶವುಳ್ಳ ಬಣ್ಣದ ಅಣುವಿಗೆ ಜೊತೆಯಾಗಿ ಒಂದು ಋಣ ಅಯಾನು ಇದ್ದೇ ಇರುವುದು. ಆ ಅಯಾನನ್ನು ಸೈಯನೊಸ್ಟಾರ್ ಎಂಬ ಬಣ್ಣವಿಲ್ಲದ ಎರಡು ಬಳೆಗಳ ನಡುವೆ ಕೂರಿಸಿದರೆ ಅದು ಅಗಲವಾದ ಬಿಲ್ಲೆಯಂತಾಗುವುದು. ಘನರೂಪಕ್ಕೆ ಬರುವಾಗ ಬಣ್ಣದ ಅಣು, ಬಿಲ್ಲೆ, ಬಣ್ಣದ ಅಣು, ಬಿಲ್ಲೆ ಎಂದು ಒಂದರ ಮರೆಯಲ್ಲಿ ಒಂದು ಜೋಡಿಸಿಕೊಳ್ಳುವುದರಿಂದ ಬಣ್ಣಗಳು ಪರಸ್ಪರ ಮುಟ್ಟುವುದಿಲ್ಲ. ದ್ರಾವಣದಲ್ಲಿ ಕಾಣುತ್ತಿದ್ದ ದೀಪ್ತಿ ಹರಳಿನಲ್ಲಿಯೂ ಉಳಿಯುವುದು. ಬಳೆಯ ಚೈತನ್ಯದ ಮಟ್ಟಗಳು ಬಣ್ಣದ ಮಟ್ಟಗಳ ನಡುವೆ ತಲೆಹಾಕಬಾರದೆಂಬ ನಿಯಮವನ್ನೂ ಅವರು ಸ್ಪಷ್ಟಪಡಿಸಿದರು. ಯೋಗ್ಯತೆಯೆಂದು ಮೇಲೆ ಹೇಳಿದುದು ಇದೇ.

ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಿಂದ ೨೦೧೮ರಲ್ಲಿ ಬಂದ ಕೃತಿಯೂ ಈ ಸಾಲಿನಲ್ಲಿ ಎಣಿಸತಕ್ಕದು. ಸ್ಫುರದೀಪ್ತಿಯುಳ್ಳ ಇಂಗಾಲದ ಅಣುಗಳು ನೀರಿನಲ್ಲಿ ಅಲುಗಾಡುತ್ತಿದ್ದರೆ ಅವುಗಳ ಚೈತನ್ಯ ಶಾಖವಾಗಿ ಕಳೆಯುವುದು; ನೀರಿನಲ್ಲಿ ಕರಗಿರುವ ಆಮ್ಲಜನಕವೂ ಟ್ರಿಪ್ಲೆಟ್ಟನ್ನು ನಂದಿಸುವುದು. ಅಲ್ಲಿನ ವಿಜ್ಞಾನಿಗಳು ಲ್ಯಾಪೊನೈಟ್ ಎಂಬ ಕೃತಕ ಜೇಡಿಯ ಸೂಕ್ಷ್ಮವಾದ ಹಲ್ಲೆಗಳನ್ನು ಆಸರೆಯಾಗಿ ಬಳಸಿ, ಸಾಧಾರಣವಾದ ಉಷ್ಣತೆಯಲ್ಲಿ ನೀರಿನಲ್ಲಿಯೇ ಸ್ಫುರದೀಪ್ತಿಯನ್ನು ತೋರಿಸಿದರು.

೬

ಈ ಉದಾಹರಣೆಗಳಲ್ಲಿ ಹೆಚ್ಚಿನವನ್ನು ನೋಡಿದವರಿಗೆ ಸಜಾತೀಯರ ಸಹವಾಸವೇ ದೀಪ್ತಾಣುವಿಗೆ ಶತ್ರು, ಏಕಾಂತವೇ ರಕ್ಷೆ ಎಂದು ತೋರಬಹುದು. ಈ ನಿರ್ಣಯ ಆತುರದ್ದು. ೨೦೦೧ರಲ್ಲಿ ಹಾಂಗ್‌ಕಾಂಗಿನಲ್ಲಿ ಬೆನ್ ಜಾಂಗ್ ಟ್ಯಾಂಗ್ ಮತ್ತು ಅವರ ಸಂಗಡಿಗರು ಸೈಲೋಲ್ ಜಾತಿಯ ಅಣುವೊಂದು ದ್ರಾವಣದಲ್ಲಿ ಹೆಚ್ಚುಕಡಮೆ ಬೆಳಗದೆ, ಒಟ್ಟುಗೂಡಿದಾಗ ಚೆನ್ನಾಗಿ ಬೆಳಗುವುದನ್ನು ಪ್ರಕಟಿಸಿದರು. ಬಿಡಿಯಾಗಿದ್ದಾಗ ಅದರ ರೆಕ್ಕೆಗಳಂತಿರುವ ಫೀನೈಲ್ ಗುಂಪುಗಳು ತಿರುಗಾಡಿ ಚೈತನ್ಯವನ್ನು ಕಳೆಯುವುವು. ಗುಂಪಿನಲ್ಲಿ ಆ ತಿರುಗಾಟಕ್ಕೆ ಎಡೆಯಿಲ್ಲ. ಅಲ್ಲದೆ ಆ ಅಣುಗಳು ಚಪ್ಪಟೆಯಾಗಿಲ್ಲದುದರಿಂದ ಒಂದರ ಮೇಲೊಂದು ಒತ್ತಿ ಕೂರುವುದೂ ಇಲ್ಲ.

ಆದುದರಿಂದ ಸಹವಾಸವು ಸ್ವತಃ ದೋಷವೂ ಅಲ್ಲ, ಗುಣವೂ ಅಲ್ಲ. ಯಾವ ಅಣು, ಯಾರೊಡನೆ, ಎಷ್ಟು ದೂರದಲ್ಲಿ, ಯಾವ ಮುಖವಾಗಿ ಕೂತಿದೆ ಎಂಬುದರಿಂದ ಅದರ ಫಲ ನಿರ್ಣಯವಾಗುವುದು. ಪೈರೀನಿಗೆ ಹಾನಿಯಾದುದು ಸೈಲೋಲಿಗೆ ಅನುಗ್ರಹವಾಯಿತು. ಈ ಎರಡನ್ನೂ ಒಂದೇ ಸೂತ್ರದಲ್ಲಿ ಹಿಡಿಯಬಲ್ಲುದು ಸಂಬಂಧವಾದವಲ್ಲದೆ ಅಣುವಾದವಲ್ಲ.

೭

ಇಲ್ಲಿ ಪೂರ್ವಪಕ್ಷಗಳನ್ನು ಬಿಡುವಂತಿಲ್ಲ. ಮೊದಲನೆಯದು: ೪೦ ಕಿಲೋಜೂಲಿಗೂ ಕಡಿಮೆಯಾದ ಬಂಧಗಳಿಂದ ಕಟ್ಟಿದ ಸಂಹತಿ ಹೇಗೆ ಸ್ಥಿರವಾದೀತು? ಇದಕ್ಕೆ ಅರ್ಧ ಸಮಾಧಾನವುಂಟು. ಒಂದೊಂದು ಬಂಧ ದುರ್ಬಲವಾದರೂ ಹಲವು ಕೂಡಿದರೆ ಬಲ ಬರುವುದು. ರೊಟಾಕ್ಸೇನಿನಲ್ಲಾದರೋ ಆ ಪ್ರಶ್ನೆಯೇ ಏಳದು. ಆದರೆ ಪಾತ್ರೆ, ಅತಿಥಿಗಳ ಸಾಧಾರಣಸಂಹತಿಯಲ್ಲಿ ಅತಿಥಿ ಒಳಗೆ ಹೋಗುತ್ತಲೂ ಹೊರಗೆ ಬರುತ್ತಲೂ ಇರುವುದು. ದ್ರಾವಣವನ್ನು ತೆಳುಮಾಡಿದಷ್ಟೂ ಹೊರಗಿರುವ ಪಾಲು ಹೆಚ್ಚುವುದು. ಅಂಥಲ್ಲಿ ಪಾತ್ರೆ ಎಷ್ಟು ಪ್ರಮಾಣದಲ್ಲಿತ್ತೆಂದು ಹೇಳದೆ ಬಣ್ಣ ಸ್ಥಿರವೆಂದರೆ ಮಾತು ಅಪೂರ್ಣ.

ಎರಡನೆಯ ಪೂರ್ವಪಕ್ಷ ಇದಕ್ಕಿಂತ ಪ್ರಬಲ. ಬಣ್ಣದ ಅಣುವನ್ನು ಮುಚ್ಚಿ ಕಾಪಾಡಿದರೆ ಬೆಳಕಿಗೆ ಹಿತವಾದೀತು. ಆದರೆ ದೀಪದಲ್ಲಿ ಎಲೆಕ್ಟ್ರಾನೂ ತೆರಪೂ ಅಣುವಿನ ಬಳಿಗೆ ಬರಬೇಡವೆ? ಅವು ಅಣುವಿನಿಂದ ಅಣುವಿಗೆ ನೆಗೆಯುವ ದೂರ ಒಂದು ನ್ಯಾನೊಮೀಟರಿನ ಸುತ್ತಮುತ್ತಿನದು. ಶತ್ರುವಿಗೆ ಮುಚ್ಚಿದ ಬಾಗಿಲು ಮಿತ್ರನಿಗೂ ಮುಚ್ಚಿದಂತಾಗುವುದು. ಇದರ ಮೇಲೆ, ಟ್ರಿಪ್ಲೆಟ್ಟುಗಳು ನೆರೆಗೆ ದಾಟುವುದು ಇಷ್ಟೇ ದೂರದಲ್ಲಿ ನಡೆಯುವುದರಿಂದ ಹೊದಿಕೆ ಅದನ್ನು ತಡೆದೀತು. ಫರ್ಸ್ಟರನು ವಿವರಿಸಿದ ಇನ್ನೊಂದು ಬಗೆಯ ಸಂಕ್ರಮಣವಾದರೋ ಹಲವು ನ್ಯಾನೊಮೀಟರುಗಳನ್ನು ದಾಟಬಲ್ಲುದು. ಅದನ್ನು ತೆಳುವಾದ ಹೊದಿಕೆ ತಡೆಯಲಾರದು. ಆಂಡರ್ಸನ್ ಮೊದಲಾದವರು ಬಳೆ ಪೋಣಿಸಿದ ಎಳೆಯಲ್ಲಿಯೂ ದೀಪವನ್ನು ಹೊತ್ತಿಸಿ ತೋರಿಸಿದುದರಿಂದ ಈ ಆಕ್ಷೇಪ ಪೂರ್ತಿಯಾಗಿ ನಿಲ್ಲುವುದಿಲ್ಲವಾದರೂ, ಹೊದಿಕೆಯ ದಪ್ಪವನ್ನು ಎರಡು ವಿರುದ್ಧವಾದ ಅಗತ್ಯಗಳ ನಡುವೆ ತೂಗಬೇಕೆಂಬ ಮಾತು ನಿಲ್ಲುವುದು.

ಮೂರನೆಯದು ತಯಾರಿಕೆಗೆ ಸಂಬಂಧಪಟ್ಟುದು. ಇಂದಿನ ತೆರೆಗಳ ದೀಪ್ತಾಣುಗಳನ್ನು ಬಹುಮಟ್ಟಿಗೆ ನಿರ್ವಾತದಲ್ಲಿ ಕಾಯಿಸಿ ಆವಿಯಾಗಿಸಿ ಪದರವಾಗಿ ಕೂರಿಸುವರು. ಪಾತ್ರೆಯೊಳಗಿನ ಅತಿಥಿ ಆ ಕಾವಿನಲ್ಲಿ ಪಾತ್ರೆಯನ್ನು ಬಿಟ್ಟು ಹೋಗುವ ಸಂಭವವುಂಟು. ಇಂಡಿಯಾನಾದ ಹರಳುಗಳಂಥ ಲವಣರೂಪದ ಪದಾರ್ಥಗಳು ಸುಲಭವಾಗಿ ಆವಿಯಾಗುವುವಲ್ಲ. ಆದುದರಿಂದ ಇಂಥ ಸಂಹತಿಗಳಿಗೆ ದ್ರಾವಣದಿಂದ ಲೇಪಿಸುವ ಮಾರ್ಗವೇ ಹೆಚ್ಚು ಸಹಜವಾದುದು. ಜೀವಕೋಶಗಳನ್ನು ಬೆಳಗಿಸಿ ನೋಡುವುದಕ್ಕೂ ಬಣ್ಣದ ಲೇಪಗಳಿಗೂ ಇವು ಈಗಾಗಲೇ ಯೋಗ್ಯವಾಗಿ ತೋರಿದರೂ, ವಿದ್ಯುದ್ದೀಪದ ವಿಷಯದಲ್ಲಿ ಇವುಗಳ ಯೋಗ್ಯತೆಯನ್ನು ಬೇರೆಯಾಗಿಯೇ ಸಾಧಿಸಬೇಕು.

೮

ಇಷ್ಟು ವಿಚಾರದಿಂದ ‘ಸ್ಥಿರ’ ಎಂಬ ಮಾತಿನ ದೋಷ ಎಲ್ಲಿದೆಯೆಂಬುದು ಗೊತ್ತಾಗುವುದು. ಸ್ಥೈರ್ಯವೆಂದರೆ ನಾಶದ ಅಭಾವ. ಅಭಾವವನ್ನು ಹೇಳುವವನು ಯಾವುದರ ಅಭಾವವೆಂದು ಪ್ರತಿಯೋಗಿಯನ್ನೂ, ಎಲ್ಲಿಯೆಂದು ಅಧಿಕರಣವನ್ನೂ ಹೇಳಬೇಕೆಂಬುದು ನೈಯಾಯಿಕರ ನಿಯಮ. ‘ಇಲ್ಲ’ ಎಂದಷ್ಟೇ ಹೇಳಿದರೆ ಗಡಿಗೆಯಿಲ್ಲವೋ ಬಟ್ಟೆಯಿಲ್ಲವೋ ಜಗಲಿಯಲ್ಲಿಲ್ಲವೋ ಮನೆಯಲ್ಲಿಲ್ಲವೋ ತಿಳಿಯದು. ಹಾಗೆಯೇ ದೀಪ್ತಾಣು ಸ್ಥಿರವೆಂದಾಗ ಬೆಳಕಿನಿಂದಾಗುವ ನಾಶವಿಲ್ಲವೋ, ಕಾವಿನಿಂದಾಗುವುದಿಲ್ಲವೋ, ವಿದ್ಯುತ್ತಿನಿಂದಾಗುವುದಿಲ್ಲವೋ, ಅಥವಾ ಸಂಹತಿಯೇ ಬಿಚ್ಚಿಹೋಗುವುದಿಲ್ಲವೋ ಎಂಬುದೂ, ಇದು ನೀರಿನಲ್ಲೋ ಹರಳಿನಲ್ಲೋ ದೀಪದ ಪದರದಲ್ಲೋ ಎಂಬುದೂ ಹೊರಪಡಬೇಕು. ಬೆಳಕು ಮಂದವಾಗದಿರುವುದೂ ಅಣು ಒಡೆಯದಿರುವುದೂ ಒಂದೇ ಅಲ್ಲವೆಂಬುದನ್ನೂ ಮರೆಯಬಾರದು. ಇಂಡಿಯಾನಾದ ಕೃತಿ ಮುಖ್ಯವಾಗಿ ಮೊದಲನೆಯದನ್ನು, ನೋತ್ರ್ ದಾಮಿನದು ಮುಖ್ಯವಾಗಿ ಎರಡನೆಯದನ್ನು ಉದ್ದೇಶಿಸಿದುದು. ದೀಪದ ತಯಾರಕರು ಈ ವಿಷಯದಲ್ಲಿ ಎಚ್ಚರವುಳ್ಳವರು: ಇಂತಿಷ್ಟು ಕಾಂತಿಯ ದೀಪವು ಮೊದಲ ಕಾಂತಿಯ ನೂರಕ್ಕೆ ೯೫ರ ಪಾಲಿಗೆ ಇಳಿಯಲು ಇಷ್ಟು ಗಂಟೆಗಳಾದುವೆಂದು ಅವರು ಎಣಿಸುವರು. ಆರಂಭದ ಕಾಂತಿಯನ್ನು ಹೇಳದ ಗಂಟೆಯ ಲೆಕ್ಕಕ್ಕೆ ಅವರಲ್ಲಿ ಬೆಲೆಯಿಲ್ಲ.

ಕನ್ನಡದಲ್ಲಿ ಈ ಭೇದಗಳಿಗೆ ದ್ಯುತಿಸ್ಥೈರ್ಯ, ತಾಪಸ್ಥೈರ್ಯ, ವಿದ್ಯುತ್‌ಸ್ಥೈರ್ಯ, ಬಂಧಸ್ಥೈರ್ಯ ಎಂದು ನಾಲ್ಕು ಮಾತುಗಳನ್ನು ಇಟ್ಟುಕೊಂಡರೆ ಅರ್ಥ ತಿಳಿಯಾಗುವುದು. ಶಾಸ್ತ್ರದ ಹೆಸರಿನಲ್ಲಿಯೂ ಎಚ್ಚರ ಬೇಕು. ಸುಪ್ರಾ ಎಂಬ ಉಪಸರ್ಗಕ್ಕೆ ಮಹಾ, ಬೃಹತ್, ಅತಿ ಎಂಬವನ್ನು ಸೇರಿಸಿದರೆ ಗಾತ್ರದ ಅರ್ಥ ಮುಂದಾಗಿ, ಪಾಲಿಮರಿನಂಥ ಬೃಹದಣುವಿನೊಡನೆ ಕಲಸಿಹೋಗುವುದು. ಅಣುಸಂಹತಿ ರಸಾಯನವೆಂದರೆ ಅಣುಗಳು ಅಣುಗಳಾಗಿಯೇ ಉಳಿದು ಕೂಡಿರುವುವೆಂಬ ಮುಖ್ಯಾರ್ಥ ಉಳಿಯುವುದು. ಸಾವಯವ ಎಂಬ ಮಾತಿನಲ್ಲಿಯೂ ತೊಡಕುಂಟು: ತರ್ಕಶಾಸ್ತ್ರದಲ್ಲಿ ಅದು ಭಾಗಗಳುಳ್ಳದು ಎಂಬರ್ಥದ್ದು, ಇಂದಿನ ಬಳಕೆಯಲ್ಲಿ ರಾಸಾಯನಿಕ ಗೊಬ್ಬರವಿಲ್ಲದ ಬೇಸಾಯಕ್ಕೂ ಅದೇ ಹೆಸರು. ವಿದ್ಯಾರ್ಥಿಗೆ ಸಂದೇಹ ಬರುವೆಡೆಯಲ್ಲಿ ಇಂಗಾಲದ ಅಣುವೆಂದು ಬಿಡಿಸಿ ಹೇಳುವುದು ಮೇಲು. ಅಣುಬಾಂಬು ಎಂಬ ಬಳಕೆಯಲ್ಲಿ ಅಣುವಿಗೆ ಪರಮಾಣುವೆಂಬ ಅರ್ಥ ಸೇರಿಕೊಂಡಿರುವುದನ್ನೂ ಅಧ್ಯಾಪಕರು ಮೊದಲೇ ಹೇಳಿಡಬೇಕು.

ವಿನ್ಯಾಸವೆಂಬ ಮಾತೊಂದು ಮಾತ್ರ ಇಲ್ಲಿ ಯಾವ ತಿದ್ದುಪಾಟನ್ನೂ ಬೇಡದು. ಅಣುವಿನ ರೂಪವನ್ನು ಯೋಚಿಸಿ ಕಟ್ಟುವುದಕ್ಕೆ ಆ ಮಾತನ್ನು ಈಗ ಬಳಸುತ್ತಿದ್ದರೂ ಅದರ ಧಾತ್ವರ್ಥ ಇಡುವುದು, ತಕ್ಕಂತೆ ಇಡುವುದು. ದೀಪ್ತಾಣುವನ್ನು ಬಾಳಿಸುವ ಕೆಲಸವು ಅದನ್ನು ಕಟ್ಟುವುದರಲ್ಲಿ ಅರ್ಧ, ಅದನ್ನು ತಕ್ಕ ಎಡೆಯಲ್ಲಿ ತಕ್ಕವರೊಡನೆ ಇಡುವುದರಲ್ಲಿ ಅರ್ಧ. ನೀಲಿಯ ಸಮಸ್ಯೆಯಲ್ಲಿ ಮೊದಲರ್ಧದ ಪ್ರಯತ್ನ ಬಹಳ ನಡೆದಿದೆ. ಎರಡನೆಯರ್ಧವನ್ನು ದೀಪದೊಳಗೇ ಪರೀಕ್ಷಿಸಿ ನೋಡಿದ ಕೃತಿಗಳು ಇನ್ನೂ ಕೆಲವೇ. ಮುಂದೆ ಈ ವಿಷಯದ ಪ್ರಬಂಧವೊಂದು ಕೈಗೆ ಬಂದಾಗ ‘ಸ್ಥಿರ’ ಎಂಬ ಪದದ ಬಳಿ ನಿಂತು, ಯಾವ ನಾಶವಿಲ್ಲ, ಎಲ್ಲಿ, ಯಾರ ಸಂಗಡ ಎಂದು ಕೇಳುವ ವಾಚಕರಿಗೆ ಆ ಪ್ರಬಂಧದ ಬೆಲೆ ತಾನಾಗಿ ತಿಳಿದುಬರುವುದು.